ಕಚ್ಚಿನ ಕಾಗದವಿಲ್ಲದ ಸೀಸೆ

ನಮ್ಮ ಮನೆಯಲ್ಲಿ ಇರುವೆಗೆ ಔಷಧಿ ಹಾಕುವಂತಿಲ್ಲ. ಸೊಸೆ ಅಂಗಡಿಯಿಂದ ಇರುವೆ ಚಾಕ್‌ಪೀಸು ತಂದು ಅಡುಗೆಮನೆಯ ಗೋಡೆಯಂಚಿಗೆ ಗೆರೆ ಎಳೆದರೆ ನಾನು ಒದ್ದೆ ಬಟ್ಟೆ ತಂದು ಒರೆಸುತ್ತೇನೆ. ಈ ಜಗಳ ಅವಳು ಈ ಮನೆಗೆ ಬಂದಾಗಿನಿಂದ ನಡೆಯುತ್ತಿದೆ. ಬೆಲ್ಲದ ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕುವುದು ಬಿಟ್ಟು ಇರುವೆಯನ್ನು ಬೈದರೆ ಏನು ಬಂತು?

ಮೊಮ್ಮಗಳು ಟಿ. ನರಸೀಪುರದ ಗಂಡನ ಮನೆಯಿಂದ ಬಾಣಂತನಕ್ಕೆ ನಂಜನಗೂಡಿಗೆ, ನಮ್ಮ ಮನೆಗೆ ಬಂದಿದ್ದಾಳೆ. ಒಂದು ದಿನ ಮಗುವಿಗೆ ಹಾಲು ಕೊಡುತ್ತಾ ಕೇಳಿದಳು, "ಅಜ್ಜಿ, ಈ ಇರುವೆ ನಿಂಗೆ ಯಾವ ಕಡೆ ನೆಂಟರು?" ಅತ್ತೆ ಕಡೆಯವರಿಗಿಂತ ಹತ್ತಿರದವರು ಅಂದೆ. ಹಾಗಾದರೆ ಹೇಳು ಅಂದಳು. ಹೇಳಿದೆ. ಕೇಳಿ ಮುಗಿಸಿ, ಇದನ್ನು ಬರೆದಿಡು, ಕೊಂಬು ದೀರ್ಘ ನಾನು ತಿದ್ದಿಕೊಡುತ್ತೇನೆ ಅಂದಳು. ಅದಕ್ಕೇ ಬರೆಯುತ್ತಿದ್ದೇನೆ. ತಪ್ಪು ಉಳಿದಿದ್ದರೆ ಅವಳನ್ನು ಕೇಳಿ.

ನಾನು ಓದಿದ್ದು ಮೂರನೇ ಕ್ಲಾಸು. ನಮ್ಮಪ್ಪನ ಊರು ನರಸೀಪುರದ ಕಡೆ ಹೊಳೆದಂಡೆಯ ಹಳ್ಳಿ. ತಮ್ಮ ಹುಟ್ಟಿದ, ಅವನನ್ನು ಎತ್ತಿಕೊಳ್ಳಲು ಜನ ಬೇಕಾಯಿತು, ಶಾಲೆ ನಿಂತಿತು. ಅದರಲ್ಲಿ ಅಳುವಂಥದ್ದೇನಿಲ್ಲ. ನಮ್ಮ ಕೇರಿಯ ಹೆಣ್ಣುಮಕ್ಕಳಲ್ಲಿ ಎರಡನೇ ಕ್ಲಾಸು ದಾಟಿದವಳು ನಾನೊಬ್ಬಳೇ. ಮದುವೆಯಾಗಿ ನಂಜನಗೂಡಿಗೆ ಬಂದೆ. ಗಂಡ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ. ಒಬ್ಬರ ದುಡಿಮೆಯಲ್ಲಿ ಮನೆ ನಡೆಯುತ್ತಿರಲಿಲ್ಲ.

ನನಗೆ ಕೆಲಸ ಕೊಡಿಸಿದ್ದು ನನ್ನ ಮೂಗು. ಪೇಟೆಯಲ್ಲಿ ಒಂದು ಹಳೇ ಔಷಧಿ ಅಂಗಡಿ ಇತ್ತು. ಮೊದಲನೇ ಮಗುವಿಗೆ ಹರಳೆಣ್ಣೆ ತರಲು ಹೋಗಿದ್ದೆ. ಯಜಮಾನರು ಸೀಸೆಗೆ ಎಣ್ಣೆ ಸುರಿದು ಕೊಟ್ಟರು. ನಾನು ಮೂಸಿ, ಈ ಸೀಸೆಯಲ್ಲಿ ಮೊದಲು ಸೀಮೆಎಣ್ಣೆ ಇತ್ತು, ಬೇರೆ ಕೊಡಿ ಅಂದೆ. ಅವರು ಮೂಸಿದರು. ಅವರಿಗೆ ಗೊತ್ತಾಗಲಿಲ್ಲ. ಒಳಗಿಂದ ಹೆಂಡತಿಯನ್ನು ಕರೆದು ಮೂಸಿಸಿದರು. ಅವರಿಗೂ ಗೊತ್ತಾಗಲಿಲ್ಲ. ಆಮೇಲೆ ವಿಚಾರಿಸಿದರೆ, ಸೀಸೆ ತೊಳೆಯುತ್ತಿದ್ದ ಮುದುಕಪ್ಪ ಹೌದು, ಸೀಮೆಎಣ್ಣೆ ಸೀಸೆಯೇ ಅಂತ ಒಪ್ಪಿಕೊಂಡನಂತೆ. ಮುಂದಿನ ವಾರ ಆತ ಮಗಳ ಊರಿಗೆ ಹೋದ, ಆ ಕೆಲಸಕ್ಕೆ ನಾನು ಬಂದೆ.

ಆ ಅಂಗಡಿ ಯಜಮಾನರ ತಾತ ಇಟ್ಟಿದ್ದು. ನಾಡಿಗೆ ಮಹಾರಾಜರು, ಅವರ ತಲೆಯ ಮೇಲೆ ಇಂಗ್ಲಿಷ್ ರಾಣಿ ಇದ್ದ ಕಾಲ. ಗಾಜಿನ ಬೀರುವಿನಲ್ಲಿ ಆಗಿನ ಡಬ್ಬಿ, ಸೀಸೆ ಎಷ್ಟೋ ಹಾಗೇ ಇದ್ದವು. ಮಾರುವುದಕ್ಕಲ್ಲ, ನೋಡುವುದಕ್ಕೆ. ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದು, ರೈಲಿನಲ್ಲಿ ಇಳಿದ ಸಾಮಾನು. ಡಬ್ಬಿಯ ಮೇಲೆ ಗೌನು ಹಾಕಿದ ಹೆಂಗಸರು, ದಪ್ಪ ಮೀಸೆಯ ಗಂಡಸರು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಯಜಮಾನರು ಅದರ ಮೇಲಿನ ಇಂಗ್ಲಿಷನ್ನು ನನಗೆ ಕನ್ನಡದಲ್ಲಿ ಓದಿ ಹೇಳುತ್ತಿದ್ದರು. ಒಂದು ಡಬ್ಬಿಯ ಮಾತ್ರೆಗೆ ತಲೆನೋವು, ಪಿತ್ತ, ಅಜೀರ್ಣ, ಕೆಟ್ಟ ಕನಸು, ಮನಸ್ಸಿನ ಬೇಸರ ಎಲ್ಲವೂ ಹೋಗುತ್ತದೆ ಅಂತ ಬರೆದಿತ್ತು. ಒಳಗೆ ಏನಿರುತ್ತದೆ ಅಂತ ಕೇಳಿದೆ. ಲೋಳೆಸರದ ರಸ, ಶುಂಠಿ, ಚೂರು ಸಾಬೂನು ಅಂದರು.

"ಲೋಳೆಸರ ನಮ್ಮೂರ ಬೇಲೀಲಿ ಸುಮ್ನೆ ಬಿದ್ದದಲ್ಲ ಬುದ್ದಿ," ಅಂದೆ.

"ಬಿದ್ದಿದೆ ಕಣವ್ವ. ಆದ್ರೆ ಅದು ಹಡಗಿನಲ್ಲಿ ಬಂದಿಲ್ವಲ್ಲ," ಅಂದರು. ಆಮೇಲೆ, "ನನ್ನ ಬುದ್ದಿ ಅನ್ಬೇಡ. ಸಾ ಅನ್ನು, ಸಾಕು."

ಅವರು ಲಿಂಗ ಕಟ್ಟಿದವರು. ನಾವು ಊರಾಚೆಯ ಕೇರಿಯವರು. ಅಂಥವರನ್ನು ಬುದ್ದಿ ಅನ್ನದೆ ಮಾತಾಡಿದ್ದು ನನಗೆ ಅದೇ ಮೊದಲು. ಗಂಟಲಿನಲ್ಲಿ ಸಾ ಹೊರಡಲು ಒಂದು ತಿಂಗಳು ಹಿಡಿಯಿತು.

ಬೀರುವಿನ ಕೆಳಗಿನ ಹಲಗೆಯ ಮೇಲೆ ಒಂದು ಉದ್ದನೆಯ ಖಾಲಿ ಸೀಸೆ ಇತ್ತು. ಅದನ್ನು ಮಾತ್ರ ಯಜಮಾನರು ತಿಂಗಳಿಗೊಮ್ಮೆ ತಾವೇ ಒರೆಸುತ್ತಿದ್ದರು. ಅಳುವ ಮಕ್ಕಳಿಗೆ ಕುಡಿಸುವ ಸಿಹಿ ಸಿರಪ್ಪಿನ ಸೀಸೆ ಅದು. ತಾಯಿಗೆ ನೆಮ್ಮದಿ, ಕೂಸಿಗೆ ನಿದ್ದೆ ಅಂತ ಮೇಲೆ ಬರೆದಿತ್ತಂತೆ. ಒಳಗೆ ಅಫೀಮು. ತಾತ ಅದನ್ನು ಗೊತ್ತಿಲ್ಲದೆ ಮಾರಿದರಂತೆ, ಗೊತ್ತಾದ ದಿನ ಉಳಿದದ್ದನ್ನೆಲ್ಲ ಚೆಲ್ಲಿದರಂತೆ. "ಅಳು ನಿಲ್ಲಿಸಿದ ಕೆಲವು ಮಕ್ಕಳು ಮತ್ತೆ ಅಳಲೇ ಇಲ್ಲ. ಅಳೋ ಮಗು ಬದುಕಿರೋ ಮಗು, ನೆನಪಿಟ್ಕೊ," ಅಂದರು ಯಜಮಾನರು. ನನ್ನ ಮಗು ಹಗಲೆಲ್ಲ ಅಳುತ್ತಿದ್ದ ಕಾಲ. ಅವತ್ತಿನಿಂದ ಅದರ ಅಳು ಕೇಳಿದರೆ ನನಗೆ ಸಿಟ್ಟು ಬರುವುದು ಕಮ್ಮಿಯಾಯಿತು.

ನಮ್ಮ ಅಂಗಡಿಯಲ್ಲಿ ಮಾರುತ್ತಿದ್ದುದು ಹಿತ್ತಲ ಕೋಣೆಯಲ್ಲಿ ಅಮ್ಮೋರು, ಅಂದರೆ ಯಜಮಾನರ ಹೆಂಡತಿ, ಕೈಯಾರೆ ಮಾಡಿದ್ದು. ತಾತನ ಪುಸ್ತಕದಲ್ಲಿದ್ದ ಹಾಗೆ ಅಳತೆ. ಮಕ್ಕಳ ಹೊಟ್ಟೆನೋವಿಗೆ ಓಮದ ನೀರು, ಕೆಮ್ಮಿಗೆ ಕಂದು ಬಣ್ಣದ ಮಿಕ್ಸ್ಚರು, ಕುರುವಿಗೆ ಕರಿ ಮುಲಾಮು, ನೆಗಡಿಗೆ ಕರ್ಪೂರದ ಮುಲಾಮು, ಹುಳುಕಡ್ಡಿಗೆ ಗಂಧಕದ್ದು. ಎಲ್ಲ ರೋಗಕ್ಕೂ ಒಂದೇ ಮಾತ್ರೆ ಅನ್ನುವ ಬಡಾಯಿ ಅಲ್ಲಿರಲಿಲ್ಲ. ಮೂರು ದಿನದಲ್ಲಿ ವಾಸಿಯಾಗದಿದ್ದರೆ ಆಸ್ಪತ್ರೆಗೆ ಹೋಗಿ ಅಂತ ಯಜಮಾನರು ಪ್ರತಿ ಗಿರಾಕಿಗೂ ಹೇಳುತ್ತಿದ್ದರು. ಜನ ಅವರನ್ನು ಡಾಕ್ಟ್ರಪ್ಪ ಅಂತ ಕರೆದರೆ ನಾನು ಡಾಕ್ಟರಲ್ಲ ಅನ್ನುತ್ತಿದ್ದರು. ಆಯ್ತು ಡಾಕ್ಟ್ರಪ್ಪ ಅನ್ನುತ್ತಿದ್ದರು ಜನ.

ಔಷಧಿಗೆ ಸೀಸೆ ಮನೆಯಿಂದಲೇ ತರಬೇಕು. ಹಳ್ಳಿಯವರು ಯಾವುದು ಕೈಗೆ ಸಿಕ್ಕಿತೋ ಅದನ್ನು ತರುತ್ತಿದ್ದರು. ಕೊಬ್ಬರಿ ಎಣ್ಣೆಯದು, ಹರಳೆಣ್ಣೆಯದು, ಸಾರಾಯಿಯದು, ಗೋಂದಿನದು. ನಾನು ಮೊದಲು ಮೂಸಬೇಕು. ವಾಸನೆ ತೊಳೆದರೆ ಹೋಗುವಂಥದ್ದೋ ಅಲ್ಲವೋ ಹೇಳಬೇಕು. ಹೋಗುವಂಥದ್ದಾದರೆ ಮೂರು ನೀರು. ಮೊದಲನೆಯದು ಬೂದಿ ಮತ್ತು ನುಚ್ಚು ಹಾಕಿ ಕುಲುಕಿದ ನೀರು, ಎರಡನೆಯದು ಸೀಗೆಪುಡಿಯ ನೀರು, ಮೂರನೆಯದು ಕುದಿಸಿದ ನೀರು. ಆಮೇಲೆ ಮತ್ತೆ ಮೂಸಬೇಕು. ನಾನು ಮೂಸಿದ ಮೇಲೆ ಇನ್ನೊಬ್ಬರು ಮೂಸುತ್ತಿರಲಿಲ್ಲ. ನನಗೆ ಅದರ ಜಂಬ ಇತ್ತು. ಇರಲಿಲ್ಲ ಅಂತ ಯಾಕೆ ಸುಳ್ಳು ಹೇಳಲಿ.

ಪೇಟೆಯ ಒಬ್ಬರು ಒಂದು ಸಲ ಅಂಗಡಿ ಮುಂದೆ ನಿಂತು, ಇವಳು ತೊಳೆದ ಸೀಸೆಯಲ್ಲಿ ನಾವು ಕುಡಿಯಬೇಕಾ ಅಂತ ಕೇಳಿದರು. ಯಜಮಾನರು ಮಿಕ್ಸ್ಚರಿನ ದೊಡ್ಡ ಜಾಡಿಯನ್ನು ಎತ್ತಿಕೊಂಡು, "ಬೇಡ್ದಿದ್ರೆ ಬೊಗಸೆ ಒಡ್ಡಿ, ಸುರೀತೀನಿ," ಅಂದರು. ಆಸಾಮಿ ಸೀಸೆಯಲ್ಲೇ ತಗೊಂಡು ಹೋದರು.

ಸೀಸೆ ತೊಳೆಯುವುದು ಅರ್ಧ ಕೆಲಸ. ಇನ್ನರ್ಧ ಕಚ್ಚಿನ ಕಾಗದ. ಓದಲು ಬಾರದವರಿಗೆ ಎಷ್ಟು ಔಷಧಿ ಕುಡಿಯಬೇಕು ಅಂತ ಹೇಳುವುದು ಆ ಕಾಗದ. ಒಂದು ಬೆರಳಗಲದ ಕಾಗದದ ಪಟ್ಟಿಯ ಅಂಚಿಗೆ ಕತ್ತರಿಯಿಂದ ಕಚ್ಚು ಕೊಟ್ಟು, ಸೀಸೆಯ ಹೊರಗೆ ಉದ್ದಕ್ಕೆ ಅಂಟಿಸುವುದು. ಒಂದು ಕಚ್ಚಿನಿಂದ ಇನ್ನೊಂದು ಕಚ್ಚಿಗೆ ಒಂದು ಹೊತ್ತಿನ ಔಷಧಿ. ದೊಡ್ಡವರ ಸೀಸೆಗೆ ದೊಡ್ಡ ಕಚ್ಚು, ಕೂಸಿನ ಸೀಸೆಗೆ ಚಿಕ್ಕ ಕಚ್ಚು. ಮೊದಮೊದಲು ನಾನು ಎಲ್ಲ ಸೀಸೆಗೂ ಒಂದೇ ಸಮ ಕತ್ತರಿಸಿದೆ. ಅಮ್ಮೋರು ಬೈದರು. ಸೀಸೆಗೂ ಮನುಷ್ಯರ ಹಾಗೇ ಒಂದೊಂದಕ್ಕೆ ಒಂದೊಂದು ತರದ ಹೊಟ್ಟೆ, ಕೆಳಗೆ ದಪ್ಪಗಿದ್ದರೆ ಕಚ್ಚು ಹತ್ತಿರ ಹತ್ತಿರ ಬರಬೇಕು, ಮೇಲೆ ಸಣ್ಣಗಾದರೆ ದೂರ ದೂರ ಹೋಗಬೇಕು ಅಂತ ತೋರಿಸಿದರು. ಅಳತೆಯ ಗಾಜಿನ ಲೋಟದಲ್ಲಿ ನೀರು ಸುರಿದು, ನೀರು ನಿಂತ ಕಡೆ ಉಗುರಿನಿಂದ ಗುರುತು ಮಾಡಿ, ಅದರಂತೆ ಕತ್ತರಿಸುವುದು ಕಲಿತೆ. ನಾನು ಜೀವನದಲ್ಲಿ ಕಲಿತ ಲೆಕ್ಕ ಅಂದರೆ ಅದೇ. ಸುತ್ತಲ ಹಳ್ಳಿಯವರಿಗೆ ಆ ಕಾಗದದ ಮೇಲೆ ನಂಬಿಕೆ ಬಂತು. ಹುಲ್ಲಹಳ್ಳಿಯವನೊಬ್ಬ, ನನ್ನ ಹೆಂಡ್ತಿ ಮಾತು ಮೀರ್ತೀನಿ, ಕಚ್ಚು ಮೀರಲ್ಲ ಅನ್ನುತ್ತಿದ್ದ.

ಈಗ ಆ ದಿನದ ಮಾತು.

ನನಗೆ ನೆಗಡಿಯಾಗಿತ್ತು. ಮೂಗು ಕಟ್ಟಿ ಬಾಯಲ್ಲಿ ಉಸಿರಾಡುತ್ತಿದ್ದೆ. ನೆಗಡಿಯಾದರೆ ಹೇಳಬೇಕು, ಅವತ್ತು ಸೀಸೆ ಮುಟ್ಟಬಾರದು, ಮುಲಾಮಿನ ಡಬ್ಬಿ ತುಂಬಬೇಕು ಅನ್ನುವುದು ಅಂಗಡಿಯ ನೇಮ. ನಾನು ಹೇಳಲಿಲ್ಲ. ಮೂಗೇ ನನ್ನ ಯೋಗ್ಯತೆ, ಅದು ಕೆಟ್ಟಿದೆ ಅಂತ ಯಾಕೆ ಹೇಳಿಕೊಳ್ಳಲಿ ಅನ್ನುವ ಕೊಬ್ಬು. ಅದರ ಮೇಲೆ ಇನ್ನೊಂದು ಜಾಣತನ ಮಾಡಿದೆ. ಮೂಗು ಬಿಡಲಿ ಅಂತ ನಮ್ಮದೇ ಅಂಗಡಿಯ ಕರ್ಪೂರದ ಮುಲಾಮನ್ನು ಎರಡು ಹೊಳ್ಳೆಗೂ ಬಳಿದುಕೊಂಡೆ. ಮೂಗು ಬಿಟ್ಟಿತು. ಆದರೆ ಪ್ರಪಂಚವೆಲ್ಲ ಕರ್ಪೂರ ನಾರತೊಡಗಿತು. ಆ ಮೂಗು ಇಟ್ಟುಕೊಂಡು ಸೀಸೆ ಮೂಸಲು ಕೂತೆ.

ಹದಿನಾರು ಅನ್ನುವ ಊರಿನಿಂದ ಒಬ್ಬ ಹುಡುಗ ವಯಸ್ಸಿನ ಗಂಡಸು ಬಂದ. ಮೊದಲನೇ ಕೂಸು, ಇನ್ನೂ ಎರಡು ತಿಂಗಳು, ಹೊಟ್ಟೆನೋವಿಗೆ ಕಾಲು ಮಡಚಿಕೊಂಡು ಅಳುತ್ತದೆ, ಓಮದ ನೀರು ಬೇಕು ಅಂದ. ಅವನು ತಂದ ಸೀಸೆ ಕಂದು ಬಣ್ಣದ್ದು, ಗಟ್ಟಿ ಗಾಜು, ಒಳ್ಳೆ ಮುಚ್ಚಳ. ಚೀಟಿ ಕೆರೆದು ತೆಗೆದಿದ್ದ. ತಾನು ದುಡಿಯುವ ಗದ್ದೆಯ ಪಂಪ್‌ಹೌಸಿನಲ್ಲಿ ಸಿಕ್ಕಿತು, ನಾಲೆಯಲ್ಲಿ ತೊಳೆದು ತಂದಿದ್ದೇನೆ ಅಂತ ಹೆಮ್ಮೆಯಿಂದ ಹೇಳಿದ. ಪಾಪ, ಮಗುವಿಗೆ ಅಂತ ಇದ್ದುದರಲ್ಲಿ ಚೆಂದದ ಸೀಸೆ ಹುಡುಕಿದ್ದ. ನಾನು ಮೂಸಿದೆ. ಕರ್ಪೂರ. ಬೂದಿ ನೀರು ಹಾಕಿ ಕುಲುಕಿದೆ. ನೀರು ಹಾಲಿನ ಹಾಗೆ ಬೆಳ್ಳಗಾಯಿತು. ಯಾವುದೋ ಹಳೇ ಔಷಧಿ ಇದ್ದಿರಬೇಕು ಅಂದುಕೊಂಡು ಹಿತ್ತಲ ಗೋಡೆ ಮೂಲೆಗೆ ಚೆಲ್ಲಿದೆ. ಉಳಿದೆರಡು ನೀರೂ ಹಾಕಿದೆ. ಮತ್ತೆ ಮೂಸಿದೆ. ಕರ್ಪೂರ. ಸೀಸೆಯನ್ನು ಅಮ್ಮೋರ ಕೈಗೆ ಕೊಟ್ಟೆ. ಅವರು ಓಮದ ನೀರು ತುಂಬಿ ವಾಪಸು ಕೊಟ್ಟರು. ಓಮದ ಘಾಟಿನಲ್ಲಿ ಅವರಿಗೂ ಏನೂ ತಿಳಿಯಲಿಲ್ಲ.

ಕಚ್ಚಿನ ಕಾಗದ ಕತ್ತರಿಸಿದ್ದೆ. ಅಂಟಿಸಲು ಹೋದರೆ ಮೈದಾ ಅಂಟು ಮುಗಿದಿತ್ತು. ಎರಡು ನಿಮಿಷ ನಿಲ್ಲಪ್ಪ, ಅಂಟು ಕಾಯಿಸಿ ತರುತ್ತೇನೆ ಅಂತ ಒಳಗೆ ಹೋದೆ. ಬರುವಷ್ಟರಲ್ಲಿ ಅವನಿರಲಿಲ್ಲ. ಬಸ್ಸಿನ ಹಾರನ್ನು ಕೇಳಿ, ಮೇಜಿನ ಮೇಲಿದ್ದ ಸೀಸೆ ಎತ್ತಿಕೊಂಡು ಓಡಿದ್ದ. ಕಾಗದ ನನ್ನ ಕೈಯಲ್ಲೇ ಉಳಿಯಿತು. ಎಂಥ ಬೇಜವಾಬ್ದಾರಿ ಮನುಷ್ಯ ಅಂತ ಅವನನ್ನೇ ಬೈದೆ.

ಮಧ್ಯಾಹ್ನ ಉಂಡು ಕೈ ತೊಳೆಯಲು ಹಿತ್ತಲಿಗೆ ಹೋದೆ. ಆ ಗೋಡೆ ಮೂಲೆಯಲ್ಲಿ ಯಾವಾಗಲೂ ಕಪ್ಪಿರುವೆಯ ಸಾಲು. ಸೀಸೆಯಲ್ಲಿ ಉಳಿದ ಸಿಹಿ ಔಷಧಿಯ ನೀರು ಚೆಲ್ಲುತ್ತಿದ್ದೆವಲ್ಲ, ಅದಕ್ಕೆ ಬರುತ್ತಿದ್ದವು. ಬೂದಿ ನೀರು, ಸೀಗೆ ನೀರು, ಬಿಸಿನೀರು ಎಲ್ಲ ಕಂಡ ಇರುವೆಗಳು ಅವು. ಯಾವುದಕ್ಕೂ ಜಗ್ಗಿರಲಿಲ್ಲ. ಅವತ್ತು ಅಷ್ಟೂ ಸತ್ತು ಬಿದ್ದಿದ್ದವು. ಸಾಲು ಸಾಲಾಗಿಯೇ, ನಡೆಯುತ್ತಿದ್ದ ಹಾಗೇ. ಗೋಡೆಯಿಂದ ಹೊಸದಾಗಿ ಇಳಿದು ಬಂದವು ಅಲ್ಲಿಗೆ ಬಂದು ಸುತ್ತು ತಿರುಗಿ ಮಲಗುತ್ತಿದ್ದವು.

ಹಾಲಿನಂಥ ನೀರು ನೆನಪಾಯಿತು. ಪಂಪ್‌ಹೌಸು ನೆನಪಾಯಿತು. ನಾಲೆ ಕಡೆ ಭತ್ತಕ್ಕೆ ಹುಳು ಬಿದ್ದರೆ ಹೊಡೆಯುವ ವಿಷವನ್ನು ನೀರಿಗೆ ಬೆರೆಸಿದಾಗ ಹೀಗೇ ಬೆಳ್ಳಗಾಗುತ್ತದೆ. ನಾಟಿ, ಕಳೆ ಅಂತ ಗದ್ದೆಗೆ ಇಳಿದವಳು ನಾನು, ನೋಡಿದ್ದೆ. ಬೆಳಗ್ಗೆಯೇ ನೆನಪಾಗಬೇಕಿತ್ತು. ಆಗಲಿಲ್ಲ.

ಸೀದಾ ಯಜಮಾನರ ಮುಂದೆ ಹೋಗಿ ನಿಂತೆ. ನೆಗಡಿ, ಮುಲಾಮು, ಬಿಳಿ ನೀರು, ಇರುವೆ ಎಲ್ಲ ಒಂದೇ ಉಸಿರಿಗೆ ಹೇಳಿದೆ. ಅವರು ಯಾಕೆ ಹೀಗೆ ಮಾಡಿದೆ ಅಂತ ಕೇಳಲಿಲ್ಲ. ಯಾವ ಊರು ಅಂತ ಕೇಳಿದರು. ಹದಿನಾರು ಅಂದೆ. ಮುಂದಿನ ಬಸ್ಸು ಇನ್ನೂ ಎರಡು ಗಂಟೆ ತಡ. ಪಕ್ಕದ ಬಟ್ಟೆ ಅಂಗಡಿಯವರ ಸ್ಕೂಟರು ಕೇಳಿ ತಂದರು. ಅಷ್ಟರಲ್ಲಿ ಅಮ್ಮೋರು ಅಂಗಡಿಯ ಹೊಸ ಸೀಸೆಯೊಂದಕ್ಕೆ ಓಮದ ನೀರು ತುಂಬಿ, ನಾನು ಕಾಯಿಸಿಟ್ಟ ಅಂಟಿನಲ್ಲೇ ಹೊಸದಾಗಿ ಕಚ್ಚಿನ ಕಾಗದ ಅಂಟಿಸಿ ಚೀಲಕ್ಕೆ ಹಾಕಿದರು. ಆ ಗಂಡಸಿನ ಮುಖ ಸರಿಯಾಗಿ ನೋಡಿದ್ದು ನಾನೊಬ್ಬಳೇ. ನಾನು ಹೋಗಲೇಬೇಕು. ಆದರೆ ಪರಗಂಡಸಿನ ಹಿಂದೆ, ಅದೂ ಅವರ ಹಿಂದೆ ನಾನು, ಪೇಟೆ ನಡುವೆ ಸ್ಕೂಟರಿನಲ್ಲಿ ಕೂರುವುದು ಹೇಗೆ ಅಂತ ನಿಂತೆ. ಅಮ್ಮೋರು ನನ್ನ ರಟ್ಟೆ ಹಿಡಿದು, "ಕೂತ್ಕೊ. ಮಾನ ಮರ್ಯಾದೆ ಆಮೇಲೆ ನೋಡ್ಕೊಳ್ಳೋಣ," ಅಂದರು. ಕೂತೆ. ಪೇಟೆಯೆಲ್ಲ ನೋಡಿತು. ನೋಡಲಿ.

ದಾರಿಯುದ್ದಕ್ಕೂ ನನ್ನ ಮನಸ್ಸಿನಲ್ಲಿದ್ದದ್ದು ಒಂದೇ ಲೆಕ್ಕ. ಬಸ್ಸು ಊರು ಮುಟ್ಟಿದ್ದು ಯಾವಾಗ, ಮನೆಗೆ ನಡೆದದ್ದು ಎಷ್ಟು ಹೊತ್ತು, ಅಳುವ ಕೂಸಿಗೆ ಔಷಧಿ ಕೊಡಲು ಯಾರಾದರೂ ಎಷ್ಟು ಹೊತ್ತು ಕಾಯುತ್ತಾರೆ. ಎಷ್ಟು ಸಲ ಕೂಡಿದರೂ ಲೆಕ್ಕ ನಮ್ಮ ಕಡೆ ಬರಲಿಲ್ಲ. ಶ್ರೀಕಂಠನನ್ನು ನೆನೆದೆ. ವಿಷ ಕುಡಿದು ಅರಗಿಸಿಕೊಂಡವನು ನೀನು, ಅದು ಕೂಸು, ಅದಕ್ಕೆ ಆಗುವುದಿಲ್ಲ ಅಂದೆ. ಇದಕ್ಕಿಂತ ದೊಡ್ಡ ಪ್ರಾರ್ಥನೆ ನನಗೆ ಬರುವುದಿಲ್ಲ.

ಊರೊಳಗೆ ಹೋಗಿ, ಪಂಪ್‌ಹೌಸಿನಲ್ಲಿ ದುಡಿಯುವವನ ಮನೆ, ಎರಡು ತಿಂಗಳ ಕೂಸಿರುವ ಮನೆ ಯಾವುದು ಅಂತ ಕೇಳಿದೆವು. ಕಟ್ಟೆಯ ಮೇಲೆ ಕೂತಿದ್ದವರು ಕೈ ತೋರಿಸಿದರು. ಬೀದಿಗೆ ತಿರುಗಿದಾಗ ಸ್ಕೂಟರು ನಿಂತಿತು. ಸದ್ದು ನಿಂತ ಮೇಲೆ ಕೇಳಿಸಿತು. ಕೂಸು ಅಳುತ್ತಿತ್ತು. ಗಂಟಲು ಹರಿಯುವ ಹಾಗೆ, ಬೀದಿಗೆಲ್ಲ ಕೇಳುವ ಹಾಗೆ ಅಳುತ್ತಿತ್ತು. ಯಜಮಾನರು ಸ್ಕೂಟರು ಹಿಡಿದುಕೊಂಡೇ ಕಣ್ಣು ಮುಚ್ಚಿದರು. ನಾನು ಆಮೇಲೆ ಬೇಕಾದಷ್ಟು ಹಾಡು ಕೇಳಿದ್ದೇನೆ, ಭಜನೆ ಕೇಳಿದ್ದೇನೆ. ಆ ಅಳುವಿನ ಮುಂದೆ ಯಾವುದೂ ಇಲ್ಲ.

ಜಗಲಿಯ ಮೇಲೆ ಕೂಸಿನ ಅಜ್ಜಿ ಕಾಲು ನೀಡಿ ಕೂತು, ಕಾಲ ಮೇಲೆ ಕೂಸನ್ನು ಬೋರಲು ಹಾಕಿಕೊಂಡು ಬೆನ್ನು ನೀವುತ್ತಿದ್ದಳು. ಪಕ್ಕದ ಗೋಡೆಗೂಡಿನಲ್ಲಿ ಕಂದು ಸೀಸೆ. ಅದರ ಮಗ್ಗುಲಲ್ಲಿ ಕೂಸಿಗೆ ಕುಡಿಸುವ ಒಳಲೆ, ತೊಳೆದು ಬೋರಲು ಹಾಕಿತ್ತು. ಎಲ್ಲ ತಯಾರಾಗಿತ್ತು. ಸೀಸೆ ತುಂಬಿದ್ದದ್ದು ತುಂಬಿದ ಹಾಗೇ ಇತ್ತು. ನಾವು ಯಾರು ಅಂತ ತಿಳಿದದ್ದೇ ಆಕೆ ಬೈಯಲು ಶುರು ಮಾಡಿದಳು.

"ಏನ್ರಪ್ಪ, ಅಂಗ್ಡಿ ಮಡಿಕಂಡಿದ್ದೀರೋ, ಆಟ ಆಡ್ತಿದ್ದೀರೋ? ಸೀಸಕ್ಕೆ ಕಚ್ಚಿನ್ ಕಾಗ್ದನೇ ಇಲ್ಲ. ಎಷ್ಟ್ ಕುಡ್ಸದು ಅಂತ ನಾ ಏನ್ ಕನ್ಸ್ ಕಾಣ್ಲ? ನನ್ ಸೊಸೆ ಅಂದಾಜ್ನಲ್ಲಿ ಅರ್ಧ ಒಳ್ಲೆ ಉಯ್ಯಿ ಅತ್ತೆ ಅಂತಾಳೆ. ಕೂಸಿನ ಹೊಟ್ಟೆಗೆ ಅಂದಾಜು ಆದದ? ಸಾಯಂಕಾಲದ ಬಸ್ಸಿಗೆ ಮಗನ್ನೇ ವಾಪಸ್ ಕಳ್ಸ್‌ಬೇಕು ಅಂತಿದ್ದೆ."

ಬಾಗಿಲಿನ ಹಿಂದೆ ಸೊಸೆ ನಿಂತಿದ್ದಳು. ಅತ್ತು ಅತ್ತು ಮುಖ ಊದಿತ್ತು. ಅವಳು ಕೊಡೋಣ ಅಂದದ್ದು ತಪ್ಪಲ್ಲ. ಹೆತ್ತ ಕರುಳು. ಕೊಡದೆ ಬೆಳಗ್ಗೆಯಿಂದ ಆ ಅಳುವನ್ನು ತಡೆದುಕೊಂಡ ಮುದುಕಿಯದು ಎಂಥ ಗಟ್ಟಿ ಜೀವ ಅಂತ ನಾನು ಈಗಲೂ ಯೋಚಿಸುತ್ತೇನೆ.

ಯಜಮಾನರು ಸೀಸೆ ತೆಗೆದುಕೊಂಡು ಮುಚ್ಚಳದ ಒಳಗಡೆ ಉಗುರಿನಿಂದ ಕೆರೆದು ಮೂಸಿದರು. ಅವರ ಮುಖ ನೋಡಿದೆ. ಇರುವೆ ಸುಳ್ಳು ಹೇಳಿರಲಿಲ್ಲ. ಸೀಸೆಯನ್ನು ಮುಚ್ಚಿ ಚೀಲದ ತಳಕ್ಕೆ ಹಾಕಿಕೊಂಡು, ಆ ಜಗಲಿಯ ಮುಂದೆ, ಅಕ್ಕಪಕ್ಕದವರೆಲ್ಲ ನೆರೆದು ನೋಡುತ್ತಿರುವಾಗ ಹೇಳಿದರು.

"ತಪ್ಪು ನಂದು ತಾಯಿ. ಸೀಸೆ ಸರಿಯಾಗಿರಲಿಲ್ಲ, ವಿಷದ್ದು. ನಾನು ನೋಡದೆ ಕೊಟ್ಟೆ."

ಅಲ್ಲ, ತೊಳೆದವಳು ನಾನು ಅಂತ ಹೇಳಲು ಬಾಯಿ ತೆಗೆದೆ. ಅವರು ಹಿಂದಕ್ಕೆ ತಿರುಗದೆ ಅಂಗೈ ಎತ್ತಿ ತಡೆದರು. ಆಗ ನನಗೆ ಅರ್ಥವಾಗಲಿಲ್ಲ. ಆಮೇಲೆ ಆಯಿತು. ಸೀಸೆ ಕೊಟ್ಟವರು ಯಜಮಾನರು ಅಂದರೆ ಅದು ಒಂದು ದಿನದ ತಪ್ಪು. ತೊಳೆದವಳು ನಾನು ಅಂದಿದ್ದರೆ ಅದು ನನ್ನ ಕೇರಿಯ ತಪ್ಪಾಗುತ್ತಿತ್ತು. ಬೊಗಸೆ ಒಡ್ಡಿ ಅನ್ನಿಸಿಕೊಂಡ ಆ ಆಸಾಮಿ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಆಮೇಲೆ ನಮ್ಮ ಕೇರಿಯ ಯಾವ ಹೆಂಗಸೂ ಆ ಪೇಟೆಯಲ್ಲಿ ಕುಡಿಯುವ ಪದಾರ್ಥದ ಪಾತ್ರೆ ಮುಟ್ಟುವ ಹಾಗಿರಲಿಲ್ಲ.

ಹೊಸ ಸೀಸೆ ತೆಗೆದು ಕೊಟ್ಟರೆ ಮುದುಕಿ ಕೈಯೊಡ್ಡಲಿಲ್ಲ. ಇದನ್ನು ಹೇಗೆ ನಂಬಲಿ ಅಂದಳು. ಸರಿಯಾದ ಮಾತೇ. ಯಜಮಾನರು ಒಳಲೆ ಕೇಳಿ ಈಸಿಕೊಂಡು, ಒಂದು ಕಚ್ಚಿನಷ್ಟು ಸುರಿದು ಕುಡಿದರು. ನಾನೂ ಈಸಿಕೊಂಡು ಇನ್ನೊಂದು ಕಚ್ಚಿನಷ್ಟು ಕುಡಿದೆ. ಮುದುಕಿ ನನ್ನನ್ನೇ ನೋಡಿದಳು.

"ನಿಂಗ್ಯಾಕವ್ವ, ನಿಂಗೂ ಹೊಟ್ಟೆನೋವಾ?"

"ಊ ಕಣತ್ತೆ. ಬೆಳಗ್ಗಿಂದ," ಅಂದೆ.

ಸೊಸೆ ಒಳಲೆಯನ್ನು ಒಳಗೆ ಒಯ್ದು ಬಿಸಿನೀರಿನಲ್ಲಿ ತೊಳೆದು ತಂದಳು. ಮೂರನೇ ಕಚ್ಚು ಕೂಸಿಗೆ ಹೋಯಿತು. ಸ್ವಲ್ಪ ಹೊತ್ತಿಗೆ ಕೂಸು ಒಂದು ದೊಡ್ಡ ತೇಗು ಬಿಟ್ಟಿತು, ಕೆಳಗಿನಿಂದಲೂ ಸದ್ದು ಮಾಡಿತು, ಕಾಲು ಚಾಚಿತು. ನಾವು ಅದು ನಿದ್ದೆ ಹೋಗುವವರೆಗೂ ಕೂತೆವು. ನಿದ್ದೆ ಹೋದ ಮೇಲೂ ಯಜಮಾನರು ಏಳಲಿಲ್ಲ. ಮತ್ತೆ ಎಚ್ಚರಾಗಿ ಅಳಲಿ, ಕೇಳಿಕೊಂಡು ಹೋಗೋಣ ಅಂದರು. ಅಳುವವರೆಗೂ ಕೂತಿದ್ದು ಎದ್ದು ಬಂದೆವು.

ಕಂದು ಸೀಸೆಯನ್ನು ಹೊಳೆಗೆ ಎಸೆಯಲಿಲ್ಲ. ಹೊಳೆ ನೀರನ್ನೂ ಜನವೇ ಕುಡಿಯುವುದು. ಹಿತ್ತಲಿನ ಮೂಲೆಯಲ್ಲಿ, ಬಾವಿಯಿಂದ ದೂರ, ಆಳಕ್ಕೆ ಅಗೆದು ಹೂತೆವು. ಅಗೆದವಳು ನಾನು. ಮಣ್ಣು ಮುಚ್ಚಿ ಆದ ಮೇಲೆ ಯಜಮಾನರು ನನ್ನನ್ನು ಮೊದಲನೇ ಸಲ ನೇರವಾಗಿ ಕೇಳಿದರು.

"ಮೂಗಿಗೆ ಹಚ್ಚಿದ್ದು ನಮ್ಮ ಮುಲಾಮೇನಾ?"

"ಊ ಸಾ."

"ಅದು ಅಷ್ಟು ಚೆನ್ನಾಗಿ ಕೆಲಸ ಮಾಡುತ್ತೆ ಅಂತ ನಂಗೇ ಗೊತ್ತಿರಲಿಲ್ಲ," ಅಂದರು. ಅಷ್ಟೇ. ಕೆಲಸ ಬಿಡಿಸಲಿಲ್ಲ. ಮಾರನೇ ದಿನ ಎರಡು ನೇಮ ಬಂದವು. ಹೊಲ ಗದ್ದೆ ಕಡೆಯಿಂದ ಬಂದ ಸೀಸೆ ಚಿನ್ನದ್ದಾದರೂ ಬೇಡ. ಉಳಿದ ಸೀಸೆಗೆ ಒಂದು ಮೂಗು ಸಾಲದು, ಎರಡು ಮೂಗು ಬೇಕು. ನಾನು ಮೂಸಿದ ಮೇಲೆ ಅಮ್ಮೋರು ಮೂಸಬೇಕು. ನನ್ನ ಜಂಬ ಅವತ್ತಿಗೆ ಇಳಿಯಿತು. ಇಳಿದದ್ದರಿಂದ ನನಗೆ ನಷ್ಟವೇನೂ ಆಗಲಿಲ್ಲ. ರಾತ್ರಿ ನಿದ್ದೆ ಬರುತ್ತಿತ್ತು.

ಆ ಮುದುಕಿ ಸೋಮವಾರಕ್ಕೋ ಹುಣ್ಣಿಮೆಗೋ ದೇವಸ್ಥಾನಕ್ಕೆ ಬಂದಾಗಲೆಲ್ಲ ಅಂಗಡಿಗೆ ಬರುತ್ತಿದ್ದಳು. ಸೀಸೆಯನ್ನು ಮೇಜಿನ ಮೇಲಿಡದೆ ಸೀದಾ ನನ್ನ ಮೂಗಿಗೆ ಹಿಡಿದು, ಮೂಸ್ನೋಡವ್ವ ಅನ್ನುತ್ತಿದ್ದಳು. ನಾಕಾರು ವರ್ಷ ಕಳೆದ ಮೇಲೆ ಒಂದು ದಿನ, ಅಂಗಡಿಯಲ್ಲಿ ಯಾರೂ ಇಲ್ಲದಾಗ ಮೆಲ್ಲಗೆ ಹೇಳಿದಳು.

"ಅವತ್ ಸೀಸ ತೊಳ್ದವ್ಳು ನೀನೇ ಅಂತ ನಿನ್ ಮೊಕನೇ ಯೋಳ್ತಿತ್ತು ಕಣವ್ವ. ನಿಮ್ ಯಜಮಾನ್ರು ಮರ್ಯಾದೆ ಕಾದ್ರಲ್ಲ ಅಂತ ನಾನೂ ಸುಮ್ಕಾದೆ."

ನೀವು ಕಾಗದಕ್ಕೆ ಕಾಯದೆ ಇದ್ದಿದ್ದರೆ ಅತ್ತೆ, ಅಂತ ಶುರು ಮಾಡಿದೆ. ಅವಳು ಮುಗಿಸಲು ಬಿಡಲಿಲ್ಲ. ನೀನು ಅಂಟಿಸಿದ್ದರೆ ನಾನು ಕುಡಿಸುತ್ತಿದ್ದೆ, ಅಂಟಿಸದೆ ಹೋದದ್ದು ಒಳ್ಳೇದಾಯಿತು, ಸುಮ್ಮನಿರು ಅಂದು ಸೀಸೆ ತಗೊಂಡು ಹೋದಳು. ಒಂದು ತಪ್ಪನ್ನು ಇನ್ನೊಂದು ತಪ್ಪು ಕಾಯಿತು. ಇದನ್ನು ಬು­ದ್ಧಿವಂತಿಕೆ ಅಂತ ಯಾರೂ ಕರೆಯಲಾರರು.

ಆ ಯಜಮಾನರೂ ಇಲ್ಲ, ಅಮ್ಮೋರೂ ಇಲ್ಲ, ಮುದುಕಿಯೂ ಇಲ್ಲ. ಅಂಗಡಿ ಇದ್ದ ಕಡೆ ಮೊಬೈಲು ರಿಪೇರಿ ಮಾಡುತ್ತಾರೆ. ಅಂಗಡಿ ಮುಚ್ಚಿದ ದಿನ ಅಮ್ಮೋರು ನನಗೆ ಆ ಅಳತೆಯ ಗಾಜಿನ ಲೋಟ ಕೊಟ್ಟರು. ಈಗ ಮರಿಮಗುವಿನ ಹೊಟ್ಟೆನೋವಿಗೆ ಡಾಕ್ಟರು ಬರೆದುಕೊಟ್ಟ ಔಷಧಿ ಬರುತ್ತದೆ. ಸೀಲು ಹಾಕಿದ ಸೀಸೆ, ಹನಿ ಹನಿಯಾಗಿ ಹಾಕುವ ನಳಿಗೆ, ಅದರ ಮೇಲೇ ಗೆರೆ. ಒಳ್ಳೆಯ ಕಾಲ. ಹಳೇ ಕಾಲವೇ ಚೆನ್ನಾಗಿತ್ತು ಅನ್ನುವವರ ಕೈಗೆ ಆ ಕಂದು ಸೀಸೆ ಕೊಡಬೇಕು. ಆದರೂ ಸೀಲು ಒಡೆದ ಕೂಡಲೇ ನಾನು ಮೂಸುತ್ತೇನೆ. ಎರಡನೇ ಮೂಗು ಮೊಮ್ಮಗಳದು. ಮೊದಲು ನಗುತ್ತಿದ್ದಳು, ಈಗ ಅವಳೇ ನೆನಪು ಮಾಡಿ ಮೂಸುತ್ತಾಳೆ.

ಹದಿನಾರಿನ ಆ ಕೂಸು ಹೆಣ್ಣು. ಅಜ್ಜಿ ಅದನ್ನು ನಮ್ಮ ಪಾಪ ನಮ್ಮ ಪಾಪ ಅನ್ನುತ್ತಿದ್ದಳೇ ಹೊರತು ಹೆಸರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ಅವಳಿಗೂ ಮಕ್ಕಳು ಮೊಮ್ಮಕ್ಕಳು ಆಗಿರಬೇಕು. ಸಂತೆಯಲ್ಲೋ ಬಸ್ಸಿನಲ್ಲೋ ನನ್ನ ಪಕ್ಕದಲ್ಲೇ ಕೂತು, ಸ್ವಲ್ಪ ಸರಿದುಕೊಳ್ಳಿ ಅಜ್ಜಿ ಅಂದಿದ್ದರೂ ಅಂದಿರಬಹುದು. ಅವಳಿಗೆ ನಾನು ಯಾರು ಅಂತ ಗೊತ್ತಿಲ್ಲ. ಕಂದು ಸೀಸೆಯ ಔಷಧಿ ಒಳಗೆ ಹೋಗಿದ್ದರೆ ಅವಳ ಹೆಸರು ನನಗೆ ಸಾಯುವವರೆಗೂ ಮರೆಯುತ್ತಿರಲಿಲ್ಲ. ಗೊತ್ತಿಲ್ಲದೆ ಇರುವುದೇ ಪುಣ್ಯ.

ಅದಕ್ಕೇ ಅಡುಗೆಮನೆಯ ಕಿಟಕಿ ಹೊರಗೆ ದಿನಾ ಬೆಳಗ್ಗೆ ಇರುವೆಗೆ ಚಿಟಿಕೆ ಸಕ್ಕರೆ ಹಾಕುತ್ತೇನೆ. ಹೊರಗೆ ಹಾಕಿದರೆ ಅವು ಒಳಗೆ ಬರುವುದು ಕಮ್ಮಿ. ಸೊಸೆ ಇದನ್ನು ಇನ್ನೂ ಒಪ್ಪಿಲ್ಲ. ಆದರೆ ಮೊನ್ನೆ ನನಗೆ ಜ್ವರ ಬಂದು ಮಲಗಿದ್ದಾಗ, ಎದ್ದು ಕಿಟಕಿ ಕಡೆ ಹೋಗಿ ನೋಡಿದೆ. ಸಕ್ಕರೆ ಹಾಕಿತ್ತು. ಯಾರು ಹಾಕಿದ್ದು ಅಂತ ನಾನು ಕೇಳಲಿಲ್ಲ.